ಬೋರಮ್ಮ ಕೇಳಿದ ಕಾಗದ

ಬೈರಾಪಟ್ಟಣದ ಬೋರಮ್ಮನಿಗೆ ಓದು ಬರಹ ಬಾರದು. ಆದರೆ ಮೂವತ್ತು ವರ್ಷ ಊರಿನ ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿ ಆಕೆ. ಹೆಂಗಸರು ಒಬ್ಬೊಬ್ಬರಾಗಿ ಆಸ್ಪತ್ರೆಯ ಕಡೆ ತಿರುಗಿದಾಗ ಆಕೆ ಬೇಸರಪಡಲಿಲ್ಲ. "ಒಳ್ಳೇದೇ ಆಯ್ತು ಬುಡು, ಅಲ್ಲಿ ರಕ್ತ ಐತೆ, ಡಾಕ್ಟ್ರವ್ರೆ" ಎಂದು ತಾನೇ ಬಸುರಿಯರನ್ನು ಆಟೋ ಹತ್ತಿಸುತ್ತಿದ್ದಳು. ತವರಿನಲ್ಲಿ ತಾಯಿಯಿಲ್ಲದ ಸೊಸೆ ಭಾನುಪ್ರಿಯಳನ್ನು ಚೊಚ್ಚಲ ಹೆರಿಗೆಗೆ ಪೇಟೆಯ ನರ್ಸಿಂಗ್ ಹೋಮಿಗೆ ಕರೆದೊಯ್ದವಳೂ ಆಕೆಯೇ.

ಮಗು ನಾಲ್ಕು ಕಿಲೋ ಮೀರಿತ್ತು. ಹೆರಿಗೆ ಕೋಣೆಯ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ "ಹೆಣ್ಣು ಮಗು, ಇಬ್ಬರೂ ಆರಾಮ" ಎಂದರು. ಮರುದಿನ ಬಟ್ಟೆ ಬದಲಿಸುವಾಗ ಬೋರಮ್ಮ ನೋಡಿದಳು. ಮಗು ಎಡಗೈ ಮುಷ್ಟಿ ಕಟ್ಟಿ ಅಳುತ್ತಿದೆ. ಬಲಗೈ ಮಾತ್ರ ಮಗ್ಗುಲಲ್ಲಿ ಸುಮ್ಮನೆ ಬಿದ್ದಿದೆ. ಎತ್ತಿ ಬಿಟ್ಟರೆ ಮತ್ತೆ ಬೀಳುತ್ತದೆ.

"ಸಿಸ್ಟ್ರೇ, ಕೂಸು ಬಲಗೈ ಆಡುಸ್ತಾನೇ ಇಲ್ಲ."

"ಒಂದೇ ಮಗ್ಗುಲಲ್ಲಿ ಮಲಗಿತ್ತು ಅಷ್ಟೇ ಅಜ್ಜಿ. ಎರಡು ದಿನಕ್ಕೆ ಸರಿಹೋಗುತ್ತೆ. ನೀವು ಬಾಣಂತಿನ ನೋಡ್ಕೊಳ್ಳಿ" ಎಂದಳು ನರ್ಸ್.

ಎರಡು ದಿನಕ್ಕೆ ಸರಿಹೋಗಲಿಲ್ಲ. ನಲವತ್ತೈದನೇ ದಿನದ ಚುಚ್ಚುಮದ್ದಿಗೆ ಹೋದಾಗ ಹೆರಿಗೆ ಮಾಡಿಸಿದ ಡಾಕ್ಟರಮ್ಮ "ಎಣ್ಣೆ ಹಚ್ಚಿ ನೀವಿ, ತಾನಾಗೇ ಬಲ ಬರುತ್ತೆ" ಎಂದರು. ಮೂರನೇ ತಿಂಗಳಿಗೂ ಅದೇ ಮಾತು. ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗ ಲೋಕೇಶ "ಬೆಂಗಳೂರಿಗೆ ತೋರಿಸಬೇಕಾ ಮೇಡಂ?" ಎಂದು ಕೇಳಿದ್ದಕ್ಕೆ, "ಅಷ್ಟು ಗಾಬರಿ ಯಾಕ್ರೀ?" ಎಂದು ನಕ್ಕರು.

ಮಗು ಸಿರಿಗೆ ಐದು ತಿಂಗಳಾದಾಗ ರಾಮನಗರದಲ್ಲಿ ಮಕ್ಕಳ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಬೋರಮ್ಮ ಯಾರನ್ನೂ ಕೇಳದೆ ಸೊಸೆಯನ್ನೂ ಮಗುವನ್ನೂ ಬಸ್ಸು ಹತ್ತಿಸಿದಳು. ಅಲ್ಲಿದ್ದ ಫಿಸಿಯೋಥೆರಪಿಸ್ಟ್ ಜೈನಬ್ ಮಗುವಿನ ಅಂಗಿ ತೆಗೆದು, ಭುಜ ಮುಟ್ಟಿ, ಬೆರಳು ಚಿವುಟಿ ನೋಡಿದಳು. ಅವಳ ಮುಖ ಸಣ್ಣದಾಯಿತು.

"ಅಮ್ಮಾ, ಇದು ಸ್ನಾಯು ಬಲ ಇಲ್ಲದ್ದಲ್ಲ. ಹೆರಿಗೆಯಲ್ಲಿ ಕುತ್ತಿಗೆಯಿಂದ ಕೈಗೆ ಬರೋ ನರಗಳು ಎಳೆದುಹೋಗಿವೆ. ಮೂರು ತಿಂಗಳಿಗೇ ತೋರಿಸಬೇಕಿತ್ತು. ಇನ್ನು ಒಂದು ವಾರಾನೂ ತಡ ಮಾಡಬೇಡಿ."

ಭಾನುಪ್ರಿಯ ಅಳತೊಡಗಿದಳು. ಬೋರಮ್ಮನ ಕಣ್ಣಲ್ಲಿ ನೀರು ಬರಲಿಲ್ಲ. ಮಗುವಿಗೆ ಅಂಗಿ ತೊಡಿಸುತ್ತಾ, ಬೆಂಗಳೂರಿನಲ್ಲಿ ಯಾರ ಹತ್ತಿರ ಹೋಗಬೇಕೆಂದು ಸಿಟ್ಟಿನಿಂದಲೇ ಕೇಳಿದಳು.

ಬೆಂಗಳೂರಿನ ದೊಡ್ಡಾಸ್ಪತ್ರೆಯ ಸರ್ಜನ್ನರೂ ಅದನ್ನೇ ಹೇಳಿದರು. "ಭುಜ ಸಿಕ್ಕಿಕೊಂಡಾಗ ಮಗು ಉಳಿಸೋಕೆ ಎಳೀಬೇಕಾಗುತ್ತೆ, ಹೀಗಾಗೋದುಂಟು. ಆದರೆ ಬೇಗ ಕಳಿಸಬೇಕಿತ್ತು." ಕಾಲಿನ ನರ ತೆಗೆದು ಭುಜಕ್ಕೆ ಕಸಿ ಮಾಡುವಷ್ಟರಲ್ಲಿ ಸಿರಿಗೆ ಆರು ತಿಂಗಳು ತುಂಬಿತ್ತು.

ನರ್ಸಿಂಗ್ ಹೋಮಿನ ಡಿಸ್ಚಾರ್ಜ್ ಚೀಟಿಯಲ್ಲಿ ಮಗು ಆರೋಗ್ಯವಾಗಿದೆ ಎಂದಷ್ಟೇ ಇತ್ತು. ಹೆರಿಗೆಯ ಪೂರ್ತಿ ದಾಖಲೆಯ ಪ್ರತಿ ಕೇಳಿ, ಕೇಳಿದ ಮೂರು ದಿನದೊಳಗೆ ಕೊಡಲೇಬೇಕು ಎಂದು ಜೈನಬ್ ತಿಳಿಸಿದ್ದಳು. ಅರ್ಜಿ ಕೊಟ್ಟರು. ಮೂರು ದಿನವಲ್ಲ, ಮೂರು ವಾರ ಕಳೆದರೂ "ಫೈಲ್ ಸಿಗ್ತಿಲ್ಲ" ಎಂಬ ಉತ್ತರವೇ. ಕೊನೆಗೆ ಬೋರಮ್ಮ ಸೊಸೆಯೊಂದಿಗೆ ಹೋಗಿ, ಬಸುರಿಯರು ಕಾಯುವ ಬೆಂಚಿನ ಮೇಲೆ ಸಿರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತುಬಿಟ್ಟಳು.

"ಏನಾಯ್ತಜ್ಜಿ ಕೂಸಿನ ಕೈಗೆ?" ಎಂದು ಕೇಳಿದವರಿಗೆಲ್ಲ ಏನಾಯಿತೆಂದು ಹೇಳಿದಳು. ಮಧ್ಯಾಹ್ನದೊಳಗೆ ಫೈಲು ಸಿಕ್ಕಿತು!

ಇಂಗ್ಲಿಷಿನಲ್ಲಿದ್ದುದನ್ನು ಭಾನುಪ್ರಿಯ ಓದುತ್ತಾ ಹೋದವಳು ಒಂದು ಕಡೆ ನಿಂತಳು. "ಅತ್ತೆ, ಹುಟ್ಟಿದ ದಿನಾನೇ ಬರ್ದವ್ರೆ. ಭುಜ ಸಿಕ್ಕಿಕೊಂಡಿತ್ತು, ಬಲಗೈ ಆಡ್ತಿಲ್ಲ ಅಂತ."

ಬೋರಮ್ಮ ನೇರವಾಗಿ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು.

"ಕೇಸ್ ಹಾಕ್ತೀರಾ?" ಎಂದರು ಡಾಕ್ಟರಮ್ಮ.

"ಅದು ಆಮೇಲಿನ ಮಾತು. ನನ್ನ ಕೈಯಾಗೂ ಎರಡು ಕೂಸು ಹೋಗವೆ ಡಾಕ್ಟ್ರಮ್ಮ. ಹೆತ್ತೋರ ಮುಂದೆ ಕುಂತ್ಕಂಡು ಹಿಂಗಿಂಗಾಯ್ತು ಅಂತ ಹೇಳಿವ್ನಿ, ಬೈಸ್ಕಂಡಿವ್ನಿ. ಮುಚ್ಚಿಟ್ಟಿಲ್ಲ. ನೀವು ಎಳೆದ್ರಿ ಅಂತ ನಂಗೆ ಸಿಟ್ಟಿಲ್ಲ, ಕೂಸು ಉಳೀತಲ್ಲ. ಗೊತ್ತಿದ್ದೂ ಎಣ್ಣೆ ಹಚ್ಚಿ ಅಂದ್ರಲ್ಲ, ಅದ್ಯಾಕೆ?"

"ನೀವು ಗಾಬರಿಯಾಗ್ತೀರಾ ಅಂತ…"

"ಗಾಬರಿಯಾಗಿದ್ರೆ ಅವತ್ತೇ ಬೆಂಗ್ಳೂರಿಗೆ ಓಡ್ತಿದ್ವಲ್ಲವ್ವಾ!"

ಡಾಕ್ಟರಮ್ಮ ಗಂಟೆ ಒತ್ತಿ ಮುಂದಿನ ಬಸುರಿಯನ್ನು ಒಳಗೆ ಕರೆದರು. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಅದನ್ನು ಬೋರಮ್ಮ ಇವತ್ತಿಗೂ ಕ್ಷಮಿಸಿಲ್ಲ.

ಲೋಕೇಶ ಗ್ರಾಹಕರ ಕೋರ್ಟಿಗೆ ದೂರು ಕೊಟ್ಟು ಎರಡು ವರ್ಷವಾಯಿತು. ವಿಚಾರಣೆ ಐದು ಸಲ ಮುಂದಕ್ಕೆ ಹೋಗಿದೆ. ಅಂಗವಿಕಲರ ಕಾರ್ಡಿಗೆ ಅಲೆದಾಗ "ಕೈ ಇದೆಯಲ್ಲಮ್ಮ, ಇನ್ನೇನು?" ಎಂದು ಕೇಳಿದ ಗುಮಾಸ್ತನೂ ಇದ್ದ. ಆ ಕಾರ್ಡು ಮೂರನೇ ಸಲಕ್ಕೆ ಸಿಕ್ಕಿತು. ಸಿರಿಗೆ ಈಗ ಮೂರು ವರ್ಷ. ಬಲಗೈಯಿಂದ ತುತ್ತು ಬಾಯಿಗೆ ಮುಟ್ಟಿಸುತ್ತಾಳೆ. ಆ ಕೈ ತಲೆಯವರೆಗೆ ಏಳುವುದಿಲ್ಲ, ಏಳುವ ಭರವಸೆಯನ್ನು ಸರ್ಜನ್ನರೂ ಕೊಟ್ಟಿಲ್ಲ. ದಿನಕ್ಕೆ ನಾಲ್ಕು ಸಲ ಬೋರಮ್ಮ ಎಣಿಸಿ ಎಣಿಸಿ ವ್ಯಾಯಾಮ ಮಾಡಿಸುತ್ತಾಳೆ. ಅಕ್ಕಪಕ್ಕದ ಊರಿನಲ್ಲಿ ಯಾರು ಹಡೆದರೂ ಹೋಗಿ, ಮಗುವಿನ ಎರಡೂ ಕೈ ಎತ್ತಿ ನೋಡಿಯೇ ಬರುತ್ತಾಳೆ.

ಮೊನ್ನೆ ಸಿರಿಯನ್ನು ಅಂಗನವಾಡಿಗೆ ಸೇರಿಸಲು ಹೋಗಿದ್ದರು. ಮಗು ಎಡಗೈಯಲ್ಲಿ ಬಳಪ ಹಿಡಿದದ್ದನ್ನು ಕಂಡ ಟೀಚರ್ ನಗುತ್ತಾ "ಎಡಚಿ ಅಂತ ಬರ್ಕೊಳ್ಲಾ ಅಜ್ಜಿ?" ಎಂದರು.

"ಎಡಚಿ ಅಲ್ಲ ಕಣವ್ವ," ಎಂದಳು ಬೋರಮ್ಮ. "ಹೆರಿಗೆ ಟೈಮಲ್ಲಿ ನರ ಕಿತ್ತೋಗಿತ್ತು. ಹಂಗೇ ಬರ್ಕೋ."