ಅಂಗಳದಾಗಿನ ಪಗೋಡಾ ಗುಡ್ಡ

ತಡೀರಿ, ಹಾಳಿ ಮಗಚಬ್ಯಾಡ್ರಿ, ಗುಡ್ಡ ಬರಾಕತ್ತೈತಿ. ಎಂಥಾ ಗುಡ್ಡ ಅಂದ್ರ, ಹುಬ್ಬಳ್ಳಿ ಕೇಶ್ವಾಪುರದ ಒಂದು ಓಣ್ಯಾಗ, ನಮ್ಮ ಬಾಡಿಗಿ ಮನಿ ಅಂಗಳದಾಗ, ನನ್ನ ಸೊಂಟದ ಮಟ ನಿಂತಿದ್ದ ಮಣ್ಣಿನ ಗುಡ್ಡ. ಅದರ ಮ್ಯಾಲ ಪಗೋಡಾ, ಸಣ್ಣ ಸಣ್ಣ ಗುಡಿ, ಸುತ್ತ ಹಾಕೊಂಡು ಹತ್ತೋ ಪಾವಟಗಿ. ಕಟ್ಟಿದಾಕಿ ನಾನು. ಕೆಡವು ಅಂದವರು ಓಣಿ ಮಂದಿ ಎಲ್ಲಾರೂ.

ಚಿತ್ರ ಸಿಕ್ಕಿದ್ದು ಕಿರಾಣಿ ಅಂಗಡಿ ಪೊಟ್ಟಣದಾಗ. ಅವ್ವ ಪುಠಾಣಿ ತಂದಿದ್ಲು, ಕಟ್ಟಿದ್ದು ಯಾವುದೋ ಇಂಗ್ಲಿಷ್ ಮಾಸಿಕದ ಹಾಳಿ. ಮಂಜಿನಾಗ ಒಂದು ಗುಡ್ಡ, ಅದರ ಮ್ಯಾಲ ಛತ್ರಿ ಮ್ಯಾಲ ಛತ್ರಿ ಬಿಚ್ಚಿಟ್ಟಂಗ ಗೋಪುರ. ಗುಡ್ಡದ ಹೆಸರು ಹರದು ಹೋಗಿತ್ತು. ಚೀನಾದಾಗ ಬೌದ್ಧರ ಪವಿತ್ರ ಪರ್ವತ ಅನ್ನೋದಷ್ಟ ಉಳದಿತ್ತು.

ನಮ್ಮ ಮನಿಯವರು ಬೌದ್ಧರಾಗಿ ಇನ್ನೂ ಭಾಳ ವರ್ಷ ಆಗಿರಲಿಲ್ಲ. ಜಗಲಿ ಮ್ಯಾಲಿನ ದೇವ್ರೆಲ್ಲಾ ಹೋಗಿ ಬುದ್ಧನ ಒಂದ ಫೋಟೋ ಬಂದಿತ್ತು, ಜಗಲಿ ಭಣಭಣ ಅಂತಿತ್ತು. ಆ ಹಾಳಿ ನೋಡಿದ ಮ್ಯಾಲ ನನಗ ಹುಚ್ಚ ಹಿಡೀತು. ಮ್ಯಾಟ್ರಿಕ್ ಮುಗಿಸಿ ಟೈಪಿಂಗ್ ಕ್ಲಾಸಿಗೆ ಹೋಗ್ತಿದ್ನಿ, ಅದು ಬಿಟ್ಟಕೂಡ್ಲೆ ಸೀದಾ ವಾಚನಾಲಯ. ಡಿಕ್ಷನರಿ ಬಾಜೂಕ ಇಟ್ಕೊಂಡು, ಪಗೋಡಾದ ಮ್ಯಾಲಿನ ಇಂಗ್ಲಿಷ್ ಪುಸ್ತಕ ಒಂದೊಂದ ಶಬ್ದ ಬಿಡಿಸಿ ಓದಿದ್ನಿ. ನಮ್ಮ ದೇಶದ ಸ್ತೂಪದ ತುದಿಗೆ ಕಲ್ಲಿನ ಛತ್ರಿ ಇರ್ತಾವಲ್ರಿ, ಅವ ಅಲ್ಲಿ ಹೋಗಿ ಎತ್ತರ ಬೆಳದು ಪಗೋಡಾ ಆಗ್ಯಾವಂತ. ಓದಿದ ದಿನ ನನ್ನ ಕಾಲು ನೆಲದ ಮ್ಯಾಲ ಇರಲಿಲ್ಲ.

ದೀಪಾವಳಿ ಬಂದ್ರ ನಮ್ಮ ಓಣಿ ಹುಡುಗರು ಮನಿ ಮುಂದ ಮಣ್ಣಿನ ಕಿಲ್ಲಾ ಕಟ್ಟತಿದ್ರು. ಬುರುಜು, ಮಣ್ಣಿನ ಸಿಪಾಯಿ, ತುದಿಗೊಂದು ಝಂಡಾ. ನಮ್ಮ ಅಂಗಳ ಖಾಲಿ. ಅವ್ವ ಹಬ್ಬ ಬಿಟ್ಟೇವಿ ಅಂತಿದ್ಲು, ತಮ್ಮ ಮಂದಿ ಅಂಗಳ ನೋಡ್ಕೊಂತ ಕೂಡ್ತಿದ್ದ. ಕಿಲ್ಲಾ ಅವರದಾತು, ನಮ್ಮದ ಗುಡ್ಡ ಕಟ್ಟೂಣು ಬಾ ಅಂದ್ನಿ ಅವಂಗ. ಹುಬ್ಬಳ್ಳಿ ಎರಿ ಮಣ್ಣು ನಂಬಿ ಕೆಟ್ಟೆ. ಒಣಗಿದ್ದ ತಡ, ಪಗೋಡಾ ಬಿರಕ ಬಿಟ್ಟು ಎರಡ ಹೋಳಾತು. ಆಮ್ಯಾಲೆ ಧಾರವಾಡ ಕಡಿಂದ ಕೆಂಪು ಮಣ್ಣು ತರಿಸಿ, ಅರಳಿ ಕಲಸಿ ಮೆತ್ತಿದ್ನಿ. ಹತ್ತಿ ಬೆಳಿಯೋ ಊರಾಗ ಅರಳಿಗೇನು ಬರ.

ಆದ್ರ ಆ ವರ್ಷನ ಗಡಿಯಾಗ ಚೀನಾದ ಜೋಡಿ ಯುದ್ಧ ಸುರು ಆತು. ಹೋಟೆಲ್ ರೇಡಿಯೋ ಮುಂದ ಮಂದಿ ಗುಂಪ ಕಟ್ಟಿ ನಿಂದರ್ತಿದ್ರು. ಅಂಥಾದ್ರಾಗ ಬಾಜೂ ಮನಿ ಕಾಕು ಬಂದು ಇದು ಯಾವ ದೇವ್ರ ಗುಡ್ಡಪಾ ಅಂತ ಕೇಳಿದ್ಲು. ನನ್ನ ತಮ್ಮ ಎದಿ ಉಬ್ಬಿಸಿ ಚೀನಾದ್ದು ಅಂದ. ಸಂಜಿ ಆಗೂದ್ರಾಗ ಓಣಿಗೆಲ್ಲಾ ಗೊತ್ತಾತು, ಕೆಡವ್ರಿ ಅದನ್ನ ಅಂತ ಎಲ್ಲಾರೂ ಅನ್ನಾಕತ್ತಿದ್ರು. ಅಪ್ಪಂದು ಪೋಸ್ಟಿನಾಗ ನೌಕರಿ. ಚಹಾದಂಗಡ್ಯಾಗ ಒಬ್ಬಾಂವ ಕೇಳಿದ್ನಂತ, ಏನ್ರಿ, ನಮ್ಮ ಟಪಾಲು ಊರಿಗೆ ಹೊಕ್ಕಾವೋ, ಚೀನಾಕ ಹೊಕ್ಕಾವೋ ಅಂತ. ಮಂದಿ ನಕ್ಕರು. ಅಪ್ಪ ಚಹಾ ಅರ್ಧಾ ಬಿಟ್ಟು ಮನಿಗೆ ಬಂದು ಸಲಿಕಿ ಹುಡುಕಾಕತ್ತಿದ.

ಅಂವನ ಅಂಜಿಕಿ ಸುಳ್ಳಲ್ಲ. ಇವರು ಚೀನಾದ ಕಡೆಯವರು ಅಂತ ಯಾರರ ಒಂದ ಅರ್ಜಿ ಹಾಕಿದ್ರ ನೌಕರಿಗೆ ಕುತ್ತು. ನೌಕರಿ ಹೋದ್ರ ಮನಿನೂ ಹೋಗ್ತಿತ್ತು, ಯಾಕಂದ್ರ ಸರ್ಕಾರಿ ಪಗಾರ ಅಂತನ ಮನಿ ಮಾಲಕ ಸಾವಕಾರ್ರು ನಮ್ಮಂಥವರಿಗೆ ಬಾಡಿಗಿ ಕೊಟ್ಟಿದ್ರು. ನಾ ಸಲಿಕಿ ಮ್ಯಾಲ ಕಾಲಿಟ್ಟು ನಿಂತ್ನಿ. ಅಷ್ಟ್ರಾಗ ಆ ಸಾವಕಾರ್ರ ಬಂದ್ರು. ಕಾಳಿನ ಯಾಪಾರದವರು, ಹಣಿ ತುಂಬ ವಿಭೂತಿ, ಮಾತು ಯಾವಾಗ್ಲೂ ತೂಕ ಮಾಡಿದಂಗ.

"ಕೆಡವೂದೇನ ಬ್ಯಾಡ," ಅಂದ್ರು ಅಪ್ಪಗ. "ತುದಿಗೆ ನಮ್ಮ ಝಂಡಾ ಹುಗಿ. ನಮ್ಮ ಸಿಪಾಯಿಗೋಳು ಹತ್ತಿದಂಗ ಮಾಡು. ಚೀನಾದ ಗುಡ್ಡ ನಾವು ಗೆದ್ದಂಗಾತು. ಓಣ್ಯಾಗ ನಿಮ್ಮದ ಪೈಲಾ ನಂಬರ."

ಅಪ್ಪನ ಮಾರಿ ಅರಳಿತು. ನಂದು ಉರೀತು.

"ಗೆಲ್ಲಾಕ ಅದು ಕಿಲ್ಲಾ ಅಲ್ರಿ, ಗುಡಿ ಐತ್ರಿ," ಅಂದ್ನಿ.

ನಿಮ್ಮಪ್ಪನ ಮಾರಿ ನೋಡಿ ಮಾತಾಡವಾ ತಂಗಿ ಅಂತ ಹೇಳಿ, ನಾಳೆ ದೀಪ ಹಚ್ಚೂ ಹೊತ್ತಿಗೆ ಬರ್ತೇನಿ ಅಂತ ಹೋದ್ರು. ಒಂದು ಝಂಡಾ ಹುಗಿದ್ರ ನಿನ್ನ ಗಂಟೇನು ಹೋಗ್ತೈತಿ ಅಂತ ಅಪ್ಪ ಕೇಳಿದ. ಝಂಡಾ ನನಗೂ ಬೇಕಿತ್ತು, ಅದು ನಂದೂ ಹೌದು. ಆದ್ರ ಬುದ್ಧ ಕುಂತ ಜಾಗಾ ಗೆದ್ದೇವಿ ಅಂತ ತೋರಿಸಾಕ ಅದನ್ನ ಹುಗಿಯೂದಿಲ್ಲ ಅಂದ್ನಿ.

ಮರುದಿನ ಝಂಡಾ ತಂದು ನಮ್ಮ ಬಾಗಲ ಚೌಕಟ್ಟಿಗೆ ಕಟ್ಟಿದ್ನಿ, ರಸ್ತಾದಾಗ ಹೋಗೋರಿಗೆಲ್ಲಾ ಕಾಣೂ ಹಂಗ. ಸಿಪಾಯಿಗೋಳ್ನೂ ಮಾಡಿದ್ನಿ, ತಮ್ಮ ಖಾಕಿ ಬಣ್ಣ ಬಳದ. ಪಾವಟಗಿ ಮ್ಯಾಲ ಸಾಲಾಗಿ ಹತ್ತಸಿದ್ನಿ. ಎಲ್ಲಾರೂ ಬರಿಗಾಲಾಗ. ಗುಡ್ಡದ ಬುಡಕ ಅವರ ಬೂಟು ಜೋಡಿ ಜೋಡಿ ಮಾಡಿ ಇಟ್ಟು, ಕಡ್ಡಿ ಬಂದೂಕ ಬಾಜೂಕ ಒರಗಿಸಿದ್ನಿ.

ದೀಪ ಹಚ್ಚೂ ಹೊತ್ತಿಗೆ ಸಾವಕಾರ್ರು ಬಂದ್ರು, ಹಿಂದ ಓಣಿ ಮಂದಿ. ಮೊದಲ ಸಿಪಾಯಿಗೋಳ್ನ ನೋಡಿ ಹೂಂ ಅಂದ್ರು. ಆಮ್ಯಾಲೆ ಬಗ್ಗಿದ್ರು.

"ಬೂಟು ಯಾಕ ಬಿಚ್ಚಸೀದಿ?"

"ಗುಡಿಗೆ ಹೊಂಟಾರ್ರಿ. ನೀವು ಮೆಟ್ಟು ಹಾಕ್ಕೊಂಡ ಗುಡ್ಯಾಗ ಹೋಗ್ತೀರೇನ್ರಿ?"

ಹಿಂದ ಕಾಕು ಕಿಸಕ್ಕಂದ್ಲು. ಸಾವಕಾರ್ರು ಅಪ್ಪನ ಕಡೆ ತಿರುಗಿ ನಿನ್ನ ಮಗಳು ಭಾಳ ಜಗಳಗಂಟಿ ಅದಾಳು ಅಂದ್ರು. ಅಪ್ಪ ಅವರ ಮುಂದ ಯಾವಾಗ್ಲೂ ನೆಲ ನೋಡಿ ಮಾತಾಡಾಂವ. ಅವತ್ತು ಮಾರಿ ಎತ್ತಿದ.

"ಹೌದ್ರಿ," ಅಂದ. "ಗುಡ್ಡ ಹಂಗ ಇರ್ತೈತ್ರಿ."

ಸಾವಕಾರ್ರು ಹೊಳ್ಳಿ ಹೋದ್ರು. ಮನಿ ಬಿಡಸಲಿಲ್ಲ, ಬಾಡಿಗಿ ಮಾತ್ರ ಏರಿಸಿದ್ರು. ಅರ್ಜಿನೂ ಯಾರೂ ಹಾಕಲಿಲ್ಲ. ಆದ್ರ ಮರುದಿನ ಮುಂಜಾನೆ ಎದ್ದು ನೋಡ್ತೇವಿ, ಯಾರೋ ತುದಿ ಪಗೋಡಾ ಒದ್ದು ಕೆಡವ್ಯಾರ. ತಮ್ಮ ಅತ್ತ. ಅಪ್ಪ ಡ್ಯೂಟಿಗೆ ಹೋಗೋ ಅಂಗಿ ಬಿಚ್ಚಿಟ್ಟು, ಉಳದ ಕೆಂಪು ಮಣ್ಣಿಗೆ ನೀರು ಹಾಕಿ ತಾನ ತುಳ್ಯಾಕತ್ತಿದ. ಈ ಸಲ ಎರಡು ಅಂತಸ್ತು ಹೆಚ್ಚಿಗಿ ಏರಿಸಿದ್ವಿ. ಒಂದ ಏರಿಸಿದ್ರ ನಡೀತಿರಲಿಲ್ಲ, ಪಗೋಡಾದ ಅಂತಸ್ತು ಬೆಸ ಇರಬೇಕು.

ಈಗೂ ಪ್ರತಿ ವರ್ಷ ಕಟ್ಟತೇವಿ, ಮಣ್ಣು ತುಳಿಯಾಂವ ಅಪ್ಪನ. ನಿಮ್ಮ ಮನಿ ಮುಂದೂ ಯಾರರ ಬಂದು ಇದನ್ನ ತಗೀರಿ ಅಂದಿದ್ರ, ನೀವು ಏನ ಮಾಡಿದ್ರಿ, ಬರದು ಕಳಸ್ರಿ. ತಗದಿದ್ರೂ ಬರೀರಿ, ನಾ ನಗೂದಿಲ್ಲ.