ಗಾಜು ಕೊಳೆಯಾಗಿರಲಿಲ್ಲ

ನನ್ನ ಓರಗಿತ್ತಿಯ ಹಣೆಯಲ್ಲಿ, ಕುಂಕುಮದ ಪಕ್ಕಕ್ಕೇ, ಸದಾ ಒಂದು ಊತ ಇರುತ್ತಿತ್ತು. ಕಾಟ್ಟಿಕುಳಂ ಹತ್ತಿರದ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲು ಗಿಡ್ಡ. ಅವಳು ಮೈಸೂರಿನಿಂದ ಬಂದ ಎತ್ತರದ ಹೆಂಗಸು. ಏನನ್ನೋ ಯೋಚಿಸುತ್ತ ನಡೆಯುವಳು, ಬಗ್ಗುವುದನ್ನು ಮರೆಯುವಳು. ಬಡಿದುಕೊಂಡರೆ ತನ್ನ ಹಣೆ ಬಿಟ್ಟು ಬಾಗಿಲನ್ನೇ ಸವರಿ, "ಪಾಪ, ಅದೇನು ಮಾಡುತ್ತೆ" ಎನ್ನುವಳು.

ಅವಳು ನನ್ನ ಭಾವನ ಹೆಂಡತಿ. ಕಿರಿಯ ಸೊಸೆಯಾದ ನಾನು ಅಕ್ಕ ಎನ್ನುತ್ತಿದ್ದೆ. ವಯನಾಡು ಹೊಸದಾಗಿ ಜಿಲ್ಲೆಯಾಗಿತ್ತು. ಇನ್ನು ಮೇಲೆ ಯಾವ ಕೆಲಸಕ್ಕೆ ಕಲ್ಪೆಟ್ಟ, ಯಾವುದಕ್ಕೆ ಕಣ್ಣೂರು ಎಂದು ಗಂಡಸರು ಜಗಲಿಯಲ್ಲಿ ವಾದಿಸುತ್ತಿದ್ದರೆ, ನಾವಿಬ್ಬರು ಒಳಗೆ ಮಕ್ಕಳಿಗೆ ಹಾಲೂಡಿಸುತ್ತಿದ್ದೆವು. ಅವಳಿಗೆ ಮಗಳು, ನನಗೆ ಮಗ. ಹೆಚ್ಚುಕಡಿಮೆ ಒಂದೇ ಪ್ರಾಯ.

ಮದುವೆಗೆ ಮೊದಲು ಅವಳು ಸಂಶೋಧನೆ ಮಾಡುತ್ತಿದ್ದಳೆಂದು ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಒಂದು ದಿನ ಅವಳ ಟ್ರಂಕಿನಲ್ಲಿ ಹಳದಿಗಟ್ಟಿದ ಗಾಜಿನ ಬಿಲ್ಲೆಯೊಂದು ಸಿಕ್ಕಿತು. ನಾನು ಕಾಫಿ ಹುರಿದ ಹೊಗೆಗೆ ಅದು ಹಾಳಾಯಿತೆಂದು ಹೆದರಿದೆ.

"ಹಾಳಾಗಿಲ್ಲ ಕಣೇ. ಇದರ ತುಂಬ ತೂತು. ಹೊಗೆ, ವಾಸನೆ ಎಲ್ಲ ಒಳಗೆ ಸೇರ್ಕೊಂಡಿದೆ, ಅಷ್ಟೆ. ತೊಳೆದ್ರೆ ಸರಿಹೋಗುತ್ತೆ."

"ತೂತೇ ಕಾಣಲ್ವಲ್ಲ ಅಕ್ಕ?"

"ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣವು. ಹೇಗೆ ಕಾಣುತ್ತೆ?"

ಅವಳು ಹೇಳಿದ್ದು ಇದು. ಎರಡು ದ್ರವಗಳಿವೆ, ತಣ್ಣಗಿದ್ದಾಗ ಬೆರೆತಿರುತ್ತವೆ, ಬೆಚ್ಚಗಾದರೆ ಬೇರೆಯಾಗುತ್ತವೆ. ಸೀಸೆಯಲ್ಲಾದರೆ ಒಂದು ಮೇಲೆ, ಒಂದು ಕೆಳಗೆ, ನಡುವೆ ಗೆರೆ. ಅದೇ ಬೆರಕೆಯನ್ನು ಈ ಗಾಜಿಗೆ ಹೀರಿಸಿದರೆ ಎಷ್ಟು ಬೆಚ್ಚಗಾದರೂ ಎರಡು ಪದರವಾಗುವುದಿಲ್ಲ. ಒಂದು ದ್ರವ ತೂತಿನ ಗೋಡೆಗೆ ಅಂಟಿಕೊಳ್ಳುತ್ತದೆ, ಇನ್ನೊಂದು ನಡುವೆ ಚೂರುಚೂರಾಗಿ ಸಿಕ್ಕಿಬೀಳುತ್ತದೆ. ಹಾಗೆಂದು ಅವಳು ಬರೆದುಕೊಟ್ಟಾಗ, ಮೈಸೂರಿನಲ್ಲಿ ಸಂಶೋಧನೆ ಮಾಡಿಸುತ್ತಿದ್ದ ಗೈಡು ನಂಬಿರಲಿಲ್ಲ. "ನಿನ್ನ ಗಾಜು ಕೊಳೆಯಾಗಿದೆ" ಎಂದುಬಿಟ್ಟರು. ಎಷ್ಟು ಸಲ ತೊಳೆದು ತೋರಿಸಿದರೂ ಅದೇ ಮಾತು. ಅಷ್ಟರಲ್ಲಿ ಮದುವೆ ಗೊತ್ತಾಯಿತು.

ಪಕ್ಕದಲ್ಲಿ ಮೆಣಸು ಬಿಡಿಸುತ್ತಿದ್ದ ನಮ್ಮತ್ತೆ ಎಲ್ಲ ಕೇಳಿ, "ಸಣ್ಣ ಮನೇಲಿ ಸೊಸೇರು ಬ್ಯಾರೆ ಆಗಾಕಾಗಾಕಿಲ್ಲ, ಹಂಗೆ" ಎಂದರು.

"ಅಯ್ಯೋ ಅತ್ತೆ, ಇದು ಬರೀ ಗಾಜಿನ ವಿಚಾರ" ಎಂದು ಅಕ್ಕ ನಕ್ಕಳು.

ಕೆಲವು ತಿಂಗಳಾದ ಮೇಲೆ ಅವಳ ತಮ್ಮ ಮೈಸೂರಿನಿಂದ, ಗಡಿಯ ಬಾವಲಿ ದಾರಿಯಾಗಿ ಬರುವ ಬಸ್ಸಿನಲ್ಲಿ ಬಂದ. ಗೈಡು ಹೇಳಿಕಳಿಸಿದ್ದರು: ಸಂಶೋಧನೆ ಮಾಡುವ ಬೇರೊಬ್ಬ ಹುಡುಗನಿಗೂ ಗಾಜಿನಲ್ಲಿ ಹಾಗೇ ಕಾಣುತ್ತಿದೆಯಂತೆ, ಬರುವುದಾದರೆ ಈಗಲೇ ಬಂದು ಮತ್ತೊಮ್ಮೆ ಮಾಡಿ ತೋರಿಸಬೇಕಂತೆ. ಭಾವ ಹೋಗೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಹಾಲು ಕುಡಿಯುವ ಮಗುವನ್ನು ಹಾಸ್ಟೆಲಿಗೆ ಕರೆದೊಯ್ಯುವಂತಿರಲಿಲ್ಲ. ಮಗಳು ನಿದ್ದೆಹೋದ ಮೇಲೂ ಅಕ್ಕ ತಟ್ಟುತ್ತಲೇ ಕೂತಿದ್ದಳು. ಅವಳು ಹಾಗೆ ಕೂತಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ನನ್ನ ಹಾಲು ಇಬ್ರಿಗೂ ಆಯ್ತದೆ ಅತ್ತೆ" ಎಂದೆ.

ಅತ್ತೆ ನಮ್ಮಿಬ್ಬರ ಮುಖ ನೋಡಿದರು. "ಶರಿ, ಹೋಗಲಿ. ಕುಟ್ಟಿ ಹಾಲಿಗೆ ಅತ್ರೆ ಮಾತ್ರ ನನ್ನ ಕೇಳ್ಬ್ಯಾಡಿ" ಎಂದರು.

ಕಾಟ್ಟಿಕುಳಂನಲ್ಲಿ ಬಸ್ಸು ಹತ್ತುವಾಗ ಅವಳ ರವಿಕೆ ಹಾಲಿನಿಂದ ನೆನೆದಿತ್ತು. ಸೆರಗು ಹೊದ್ದು ಕಿಟಕಿಯ ಪಕ್ಕ ಕೂತಳು; ನಮ್ಮ ಕಡೆ ತಿರುಗಲಿಲ್ಲ.

ಅಕ್ಕ ಮೊದಲ ಸಲ ಊರಿಗೆ ಬಂದಾಗ ಮಗಳು ಗುರುತು ಹಿಡಿಯದೆ ನನ್ನ ಹೆಗಲಲ್ಲಿ ಮುಖ ಮುಚ್ಚಿಕೊಂಡಳು. ಎಳೆದು ಅವಳ ಕೈಗೆ ಕೊಡಹೋದೆ.

"ಬೇಡ. ಅವಳಾಗೇ ಬರ್ಲಿ."

ಹಾಲು ಇಬ್ಬರಿಗೂ ಸಾಲದೆ ನನ್ನ ಮಗನಿಗೆ ರಾಗಿ ಸರಿ ತಿನ್ನಿಸುತ್ತಿದ್ದೆ. ಮುಖವೆಲ್ಲ ಬಳಿದುಕೊಂಡಿದ್ದ ಅವನನ್ನು ಅಕ್ಕ ನೋಡಿದಳು; ಅವಳಿಗೆ ಅರ್ಥವಾಯಿತೆಂದು ನನಗೂ ತಿಳಿಯಿತು. ಬಟ್ಟಲು ತೆಗೆದುಕೊಂಡು ಅವನನ್ನು ತೊಡೆಯ ಮೇಲೆ ಕೂರಿಸಿ ಉಳಿದದ್ದನ್ನು ಅವಳೇ ತಿನ್ನಿಸಿದಳು. ಕಣ್ಣೀರು ಅವಳ ಗಲ್ಲದಿಂದ ಅವನ ತಲೆಯ ಮೇಲೆ ಬೀಳುತ್ತಿತ್ತು. ಸಂಜೆಯ ಹೊತ್ತಿಗೆ ಮಗಳು ತಾನಾಗಿ ತೆವಳಿಕೊಂಡು ಹೋಗಿ ಅವಳ ಸೀರೆ ಹಿಡಿದಳು.

ಮಳೆಗಾಲ ಹಿಡಿಯುವ ಮುಂಚೆ ಕೆಲಸ ಮುಗಿಸಿ ಬಂದಳು. ಬಸ್ಸಿಳಿದವಳು ಚೀಲವನ್ನೂ ಕೆಳಗಿಡದೆ ನನ್ನ ತೋಳು ಹಿಡಿದು, "ಗಾಜು ಕೊಳೆಯಾಗಿರ್ಲಿಲ್ಲ ಕಣೇ" ಎಂದಳು. ಈ ಸಲ ಗೈಡು ತಾವೇ ನಿಂತು ತೊಳೆಸಿದ್ದರಂತೆ. ಬೆಚ್ಚಗಾದಾಗ ಸೀಸೆಯಲ್ಲಿ ಗೆರೆ ಮೂಡಿತು, ಗಾಜಿನಲ್ಲಿ ಮೂಡಲಿಲ್ಲ. ಅವರು ಬಹಳ ಹೊತ್ತು ನೋಡಿ, "ಆಗಲೇ ಒಪ್ಪಬೇಕಿತ್ತಮ್ಮ" ಎಂದರಂತೆ. ಡಾಕ್ಟರೇಟು ಬಂತು. ದೊಡ್ಡ ಕೆಲಸವೇನೂ ಹುಡುಕಿಕೊಂಡು ಬರಲಿಲ್ಲ. ಮಾನಂದವಾಡಿಯ ಟ್ಯುಟೋರಿಯಲ್ ಒಂದರಲ್ಲಿ, ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ, ಮಲಯಾಳದಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತ ಸಂತೋಷವಾಗಿಯೇ ಇದ್ದಳು.

ಹೋದ ವರ್ಷ ತೀರಿಕೊಂಡಳು. ಕೊನೆಗೆ ಮಾತು ನಿಂತಿತ್ತು. ನನ್ನ ಕೈ ಮಾತ್ರ ಬಿಟ್ಟಿರಲಿಲ್ಲ.

ಕಾರ್ಯವೆಲ್ಲ ಕಳೆದ ಮೇಲೆ ಮಗಳು ನನ್ನ ಪಕ್ಕ ಬಂದು ಕೂತಳು. ಅವಳು ಓದಿದ್ದು ಕಾಮರ್ಸ್. "ಚಿಕ್ಕವ್ವ, ಅವ್ವ ಆಗ ನನ್ನ ಬಿಟ್ಟೋಗಿ ಏನು ಕಂಡುಹಿಡಿದ್ಲು? ನಾನು ಕೇಳ್ಲೇ ಇಲ್ಲ."

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಎರಡು ದ್ರವಗಳಿಂದ ಶುರುಮಾಡಿ ಗೋಡೆಗೆ ಯಾವುದು ಅಂಟುತ್ತದೆ, ನಡುವೆ ಯಾವುದು ಉಳಿಯುತ್ತದೆ, ಪದರ ಏಕೆ ಆಗುವುದಿಲ್ಲ ಎಂಬಲ್ಲಿಯವರೆಗೆ ಒಂದೂ ಬಿಡದೆ ಹೇಳಿದೆ. ಅವಳು ಬೆರಗಾಗಿ ನೋಡಿದಳು.

"ಇಷ್ಟೆಲ್ಲ ನಿಂಗೆ ಹೇಳಿದ್ಲಾ?"

"ಹೇಳಿದ್ಲು ಕಣವ್ವ. ನಂಗೆ ಅರ್ಥ ಆಗೋಗಂಟ ಹೇಳಿದ್ಲು."