ಕಾಕಾ ಬೇಡವೆಂದ ಡಾಂಬರು

ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಕಾದ ಡಾಂಬರಿನ ವಾಸನೆ ಒಳಗೆ ನುಗ್ಗಿತು. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎದುರುಮನೆಯ ಕಾಕಾ ಕಣ್ಣೆದುರು ಬಂದು ನಿಲ್ಲುತ್ತಾರೆ.

ಧಾರವಾಡದ ಕಡೆಯವರು. ರಸ್ತೆ ಕೆಲಸದ ಮೇಸ್ತ್ರಿಯಾಗಿ ಈ ತಮಿಳರ ಊರಿಗೆ ಬಂದು, ಜೀವಮಾನವೆಲ್ಲ ಬಿಸಿಲಲ್ಲಿ ನಿಂತು, ಕೊನೆಗೆ ನುಂಗಂಬಾಕ್ಕಂನ ನಮ್ಮ ಬೀದಿಯಲ್ಲಿ ನೆಲೆಯಾದವರು. ಬೀದಿಗೆ ಆಗ ಹಳೆಯ ಕಾಂಕ್ರೀಟು. ಚಪ್ಪಡಿಗಳ ನಡುವಿನ ಸಂದುಗಳೆಲ್ಲ ಬಾಯಿಬಿಟ್ಟಿದ್ದವು. ಒಂದು ದಿನ ಕಾಕಾ ತಂಬಿಗೆ ನೀರು ತಂದು ತಮ್ಮ ಮನೆ ಮುಂದಿನ ಸಂದಿಗೆ ಸುರಿದು, "ನೋಡ್ತಿರು" ಎಂದರು. ನೀರಿನ ಲಾರಿಯೊಂದು ಹಾದುಹೋಯಿತು. ಸಂದಿನಿಂದ ಕೆಸರುನೀರು ಪಿಚಕ್ಕನೆ ಚಿಮ್ಮಿ ನನ್ನ ಪಂಚೆಗೆ ಹಾರಿತು.

"ಕೆಳಗ ಮಣ್ಣ ತೊಳದ ಹೋಗೇತಿ. ಚಪ್ಪಡಿ ತೊಟ್ಲದಂಗ ತೂಗಾಕತ್ತೇತಿ."

"ಹೇಗೂ ಡಾಂಬರು ಹಾಕ್ತಾರಂತಲ್ಲ ಕಾಕಾ, ಸರಿಹೋಗುತ್ತೆ ಬಿಡಿ."

"ಹುಳುಕ ಹಲ್ಲಿಗೆ ಬಣ್ಣ ಹಚ್ಚತೀಯೇನೋ ತಮ್ಮಾ? ಈ ಚಪ್ಪಡಿ ಒಡದ ತಗೀಬೇಕು. ತಳಾ ಗಟ್ಟಿ ಮಾಡಿ ಹೊಸಾದು ಹಾಕಬೇಕು, ಸಂದೆಲ್ಲ ತುಂಬಬೇಕು. ಆಮ್ಯಾಲ ಡಾಂಬರು. ಇಲ್ಲಂದ್ರ ಒಂದ ಮಳಿಗೆ ಕಿತ್ತ ಬರತೇತಿ. ನಮ್ಮಾಕಿ ದಿನಾ ಇದರ ಮ್ಯಾಲೇ ಕಾಯಿಪಲ್ಯಾಕ್ಕ ಹೋಗಾಕಿ."

ಕಾಕಿಗೆ ಆಗಲೇ ಕಣ್ಣು ಮಂಜು.

ಗುತ್ತಿಗೆಯವರು ಬಂದ ದಿನ ಒಂದು ಚಪ್ಪಡಿಯನ್ನೂ ಒಡೆಯಲಿಲ್ಲ, ಒಂದು ಸಂದನ್ನೂ ತುಂಬಲಿಲ್ಲ. ಪೊರಕೆಯಲ್ಲಿ ಧೂಳು ಗುಡಿಸಿ ಡಾಂಬರು ಸುರಿಯಲು ನಿಂತರು. ಕಾಕಾ ಆ ಚಪ್ಪಡಿಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತುಬಿಟ್ಟರು. "ತಾತಾ, ವೀಟ್ಟುಕ್ಕು ಪೋಂಗ" ಎಂದು ಸೂಪರ್‌ವೈಸರ್ ಅವರನ್ನು ಮನೆಗೆ ಅಟ್ಟಲು ನೋಡಿದ. "ನಿನ್ನ ವಯಸ್ಸಿಗಿಂತ ಹೆಚ್ಚ ರಸ್ತಿ ಹಾಕೇನಿ, ಮಗನ!" ಕಾಕಾ ಅಪ್ಪಟ ಧಾರವಾಡದ ಕನ್ನಡದಲ್ಲೇ ಗುಡುಗಿದರು.

ಅವರನ್ನು ಎಬ್ಬಿಸಿದ್ದು ಯಾರು? ನಾನು. ಆ ವಾರ ನನ್ನ ಮಗಳ ನಿಶ್ಚಿತಾರ್ಥ. ಬೀಗರ ಕಾರು ಬರುವಷ್ಟರಲ್ಲಿ ಬೀದಿ ಚೊಕ್ಕಟವಾಗಬೇಕಿತ್ತು ನನಗೆ. "ಎಲ್ಲರಿಗೂ ತೊಂದರೆ ಕಾಕಾ, ಏಳಿ" ಎಂದು ತೋಳು ಹಿಡಿದು ಒಳಗೆ ಬಿಟ್ಟುಬಂದೆ. ಸಾಲದ್ದಕ್ಕೆ ಕೆಲಸದವರಿಗೆ ಫ್ಲಾಸ್ಕಿನಲ್ಲಿ ಕಾಫಿ ಬೇರೆ ಕೊಟ್ಟೆ...

ದೀಪಾವಳಿಯ ಮಳೆಗೆ ಅದೇ ಚಪ್ಪಡಿಯ ಅಂಚಿನಲ್ಲಿ ಡಾಂಬರು ಸಿಪ್ಪೆಯ ಹಾಗೆ ಎದ್ದು ಗುಂಡಿಯಾಯಿತು. ಬೀದಿ ತುಂಬ ನೀರು, ಗುಂಡಿ ಯಾರಿಗೆ ಕಾಣಬೇಕು? ಕಾಕಿ ಸೊಪ್ಪಿನ ಚೀಲದ ಸಮೇತ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಮೇಲೆ ಅವರು ಹೊಸಿಲು ದಾಟಲೇ ಇಲ್ಲ.

ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಸ್ಪತ್ರೆಗೆ ಹಣ್ಣು ಒಯ್ದಾಗ "ಮಗಳ ಮದಿವಿ ಯಾವಾಗ?" ಎಂದು ಕೇಳಿದರು, ಅಷ್ಟೇ. ಕಾಕಿ ಹೋದ ಮರುವರ್ಷ ಅವರೂ ಹೋದರು...

ಆ ಗುತ್ತಿಗೆದಾರನಿಗೆ ಏನಾಯಿತು? ಏನೂ ಆಗಲಿಲ್ಲ. ಅವನ ಆಳುಗಳು ಗುಂಡಿಗೆ ಒಂದಿಷ್ಟು ಜಲ್ಲಿ ಸುರಿದು ಮೇಲೆ ಕಪ್ಪು ಬಳಿದುಹೋದರು. ಇವತ್ತು ಮತ್ತೊಂದು ಪದರ ಹಾಕಲು ಬೇರೆ ಯಾರೋ ಬಂದಿದ್ದಾರೆ. ವಾಸನೆ ಬಂದ ಕ್ಷಣವೇ ನಾನು ಓಡಬೇಕಿತ್ತು. ಮುದುಕನಾದೆ, ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಆ ಜಾಗದ ಮೇಲೆ ರೋಲರ್ ಹೋಗಿಬಂದಿತ್ತು.

"ಅಡಿಯಲ್ಲಿ ಪೊಳ್ಳಿದೆ ಕಣ್ರಯ್ಯಾ! ರಿಪೇರಿ ಮಾಡದೆ ಮುಚ್ಚಿಬಿಟ್ಟಿರಲ್ಲ!" ಎಂದು ಅರಚಿದೆ, ಆಮೇಲೆ ಅದನ್ನೇ ತಮಿಳಿನಲ್ಲಿ ಅರಚಿದೆ.

ಅಲ್ಲಿದ್ದ ಹೊಸ ಸೂಪರ್‌ವೈಸರ್ ಮರ್ಯಾದೆಯಿಂದಲೇ ತಿರುಗಿದ. "ಮುನ್ನಾಡಿಯೇ ಸೊಲ್ಲಿಯಿರುಕ್ಕಲಾಮೇ ಸಾರ್?"

ಮೊದಲೇ ಹೇಳಬಹುದಿತ್ತಂತೆ.

ನಾನು ಎದುರುಮನೆಯ ಕಡೆ ನೋಡಿದೆ. ಬಾಗಿಲಲ್ಲಿ ಬೇರೆ ಯಾರದೋ ಚಪ್ಪಲಿಗಳಿದ್ದವು.